ಅತ್ತೆಗೆ ಮೂರು ನಿಮಿಷ

ಬೆಳ್ತಂಗಡಿ, ಹೊರಡುವ ಮೊದಲು

ಹಿಂದಿನ ಸಲ ನಾನೂ ಹೆಂಡತಿ ಶೈಲಾಳೂ ವಿದೇಶಕ್ಕೆ ಹೋಗಿ ಬಂದಾಗ ಸಾವಿರಕ್ಕೂ ಮಿಕ್ಕಿ ಫೋಟೋ ತಂದಿದ್ದೆವು. ಅವನ್ನು ತೋರಿಸಲು ಮೂಡುಬಿದಿರೆಯಿಂದ ಬಸ್ಸು ಹತ್ತಿ ಬೆಳ್ತಂಗಡಿಯ ವಾರಿಜ ಅತ್ತೆಯ ಮನೆಗೆ ಹೋದೆವು. ಅತ್ತೆ ಎಂದರೆ ನನ್ನ ಅಪ್ಪನ ತಂಗಿ. ಫೋನನ್ನು ಅವರ ಕೈಗೆ ಕೊಟ್ಟು, "ನೋಡಿ ಅತ್ತೆ, ಇದು ಹಿಮ" ಎಂದೆ. ಅವರು ಫೋನು ಹಿಡಿದುಕೊಂಡು ಮುಖವನ್ನು ಗೋಡೆಯ ಕಡೆಗೆ ತಿರುಗಿಸಿದರು. ಅವರ ದೃಷ್ಟಿಯ ನಡುಭಾಗ ಹೋಗಿದೆ, ಸುತ್ತಲಿನ ಅಂಚು ಮಾತ್ರ ಉಳಿದಿದೆ. ಏನನ್ನಾದರೂ ನೋಡಬೇಕಾದರೆ ಅದರಿಂದ ಮುಖ ತಿರುಗಿಸಬೇಕು. ಇದು ನನಗೆ ಗೊತ್ತಿತ್ತು. ಗೊತ್ತಿದ್ದೂ ಫೋನು ಕೊಟ್ಟಿದ್ದೆ.

"ಬಿಳಿ ಕಾಣ್ತದೆ," ಎಂದರು ಅತ್ತೆ. "ಬಾಯಲ್ಲಿ ಹೇಳು ಮಾರಾಯ. ಹೇಗಿತ್ತು?"

"ಚಂದ ಇತ್ತು ಅತ್ತೆ. ತುಂಬ ಚಂದ."

"ಮತ್ತೆ?"

ಮತ್ತೇನು ಎಂದು ನೋಡಲು ನಾನು ಅವರ ಕೈಯಿಂದ ಫೋನನ್ನು ವಾಪಸು ತೆಗೆದುಕೊಂಡೆ.

"ಅಂದರೆ ಫೋನು ಹೋಗಿ ಬಂದದ್ದು," ಅತ್ತೆ ಹೇಳಿದರು. "ನೀನು ಅದರ ಚೀಲ ಹೊತ್ತುಕೊಂಡು ಹಿಂದೆ ಹೋದದ್ದು."

ಶೈಲಾ ಆ ದಿನ ನಕ್ಕದ್ದು ಇನ್ನೂ ನನ್ನ ಕಿವಿಯಲ್ಲಿದೆ. ನಕ್ಕಳು ಎಂದೇ ನನ್ನ ನೆನಪು. ತಾನು ನಗಲಿಲ್ಲ, ಅತ್ತೆಯ ಎದುರು ಹಾಗೆ ನಗುವವಳಲ್ಲ ಎಂದು ಅವಳ ವಾದ. ಇನ್ನೊಂದನ್ನೂ ಈಗಲೇ ಹೇಳಿಬಿಡುತ್ತೇನೆ. ನಮ್ಮ ಮನೆಮಾತು ತುಳು. ಅತ್ತೆ ಹೇಳಿದ್ದನ್ನೆಲ್ಲ ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ. ಅಷ್ಟರಮಟ್ಟಿಗೆ ಮೊದಲ ಪುಟದಲ್ಲಿಯೇ ಸ್ವಲ್ಪ ಸುಳ್ಳು ಸೇರಿತು.

ಅತ್ತೆ ನಮ್ಮ ಕಡೆಯ ಒಂದು ಸಣ್ಣ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಟ್ರಂಕ್ ಕಾಲ್ ಜೋಡಿಸುತ್ತಿದ್ದವರು. ಆಗ ದೂರದ ಊರಿನ ಕರೆಗೆ ಮೂರು ನಿಮಿಷದ ಲೆಕ್ಕ. ಮೂರು ನಿಮಿಷವಾದ ಕೂಡಲೇ ಆಪರೇಟರ್ ನಡುವೆ ಬಾಯಿ ಹಾಕಿ, "ಮೂರು ನಿಮಿಷ ಆಯಿತು, ಮುಂದುವರಿಸುವಿರಾ?" ಎಂದು ಕೇಳಬೇಕಿತ್ತು. ಗಡಿಯಾರ ನೋಡದೆ ಮೂರು ನಿಮಿಷವನ್ನು ಅಳೆಯಲು ಅತ್ತೆಗೆ ಈಗಲೂ ಬರುತ್ತದೆ. ಸಜ್ಜಿಗೆಗೆ ರವೆ ಹುರಿಯುವುದೂ ಅದೇ ಅಳತೆಯಲ್ಲಿ. ಮುಂಬಯಿಯ ಹೋಟೆಲೊಂದರಲ್ಲಿ ಕೆಲಸಕ್ಕಿದ್ದ ಮುಂಡಾಜೆಯವನೊಬ್ಬನ ಕತೆಯನ್ನು ಅವರು ಆಗಾಗ ಹೇಳುತ್ತಾರೆ. ತಿಂಗಳಿಗೊಮ್ಮೆ ಅವನ ಕರೆ. ಮುಂಡಾಜೆಯಲ್ಲಿ ಅವನ ಹೆಂಡತಿ ಫೋನಿದ್ದ ಅಂಗಡಿಗೆ ಬಂದು ಕಾದಿರುತ್ತಿದ್ದಳು. ಇವನು "ಊಟ ಆಯ್ತಾ" ಎನ್ನುವನು. ಅವಳು "ಆಯ್ತು" ಎನ್ನುವಳು. ಆಮೇಲೆ ಇಬ್ಬರೂ ಸುಮ್ಮನೆ.

"ಸುಮ್ಮನೆ ಅಂದರೆ ಲೈನು ಸತ್ತದ್ದಲ್ಲ," ಅತ್ತೆ ಹೇಳುತ್ತಾರೆ. "ಸತ್ತ ಲೈನಿನ ಶಬ್ದ ಬೇರೆ. ಇದರಲ್ಲಿ ಎರಡು ಜನ ಇದ್ದರು. ಅವರ ಮಧ್ಯೆ ಮಾತ್ರ ನಾನು ಬಾಯಿ ಹಾಕಲಿಲ್ಲ. ಮೂರಾದರೂ ಇಲ್ಲ, ಆರಾದರೂ ಇಲ್ಲ."

ಅತ್ತೆ ಒಂಟಿಯಲ್ಲ. ಮಗಳು ಪ್ರತಿಭಾ, ಅಳಿಯ, ಇಬ್ಬರು ಮೊಮ್ಮಕ್ಕಳು, ಎಲ್ಲರೂ ಅದೇ ಮನೆಯಲ್ಲಿದ್ದಾರೆ. ಅತ್ತೆಯನ್ನು ಎಲ್ಲರೂ ಚೆನ್ನಾಗಿ ನೋಡಿಕೊಳ್ಳುತ್ತಾರೆ. ಅವರ ದೂರು ಬೇರೆಯೇ.

"ಮೊದಲು ಕರೆಂಟು ಹೋದರೆ ಎಲ್ಲರೂ ಉದಾಸೀನ ಆಗಿ ಜಗಲಿಗೆ ಬರ್ತಿದ್ದರು. ಬಂದವರು ಎಂತಾದರೂ ಹೇಳ್ತಿದ್ದರು. ಈಗ ಕರೆಂಟು ಹೋದರೆ ಒಬ್ಬೊಬ್ಬರ ಮೂತಿಗೂ ಸ್ವಂತ ಕರೆಂಟು ಉಂಟು. ಯಾರಿಗೂ ಬೋರ್ ಆಗುವುದೇ ಇಲ್ಲ. ಹಾಗಾದರೆ ನನ್ನ ಹತ್ತಿರ ಯಾರು ಬರ್ತಾರೆ ಹೇಳು? ಬಂದವರೂ ತೋರಿಸ್ತಾರೆ. ಹೇಳುವವರು ಇಲ್ಲ."

ಈ ಸಲ ನಾವು ಎಸ್ತೋನಿಯಕ್ಕೆ ಹೊರಟಾಗ ಅವರು ಒಂದು ಶರ್ತ ಹಾಕಿದರು. ಚಾಕಲೇಟು ಬೇಡ, ಸ್ವೆಟರು ಬೇಡ. ನಿಂತ ಪ್ರತಿ ಊರಿನಿಂದ ಮೂರು ನಿಮಿಷ ತರಬೇಕು. ಫೋನು ಚೀಲದೊಳಗೆ. ಏನೂ ಮಾಡದೆ ಕೂತ ಮೂರು ನಿಮಿಷ. ಬಂದು ಬಾಯಲ್ಲಿ ಹೇಳಬೇಕು.

"ಆಗ ಎಂತದೂ ಆಗದಿದ್ದರೆ?" ಎಂದು ಕೇಳಿದೆ.

"ಹೇಗೆ ಆಗಲಿಲ್ಲ ಅಂತ ಹೇಳು. ಸೇರಿಸಬೇಡ, ಆಯ್ತಾ? ಸೇರಿಸಿದರೆ ನನಗೆ ಗೊತ್ತಾಗ್ತದೆ."

ಒಪ್ಪಿಕೊಂಡೆ. ಬಸ್ಸಿನಲ್ಲಿ ವೇಣೂರು ದಾಟುವಾಗ ನಿಜವಾದ ಹೆದರಿಕೆ ಹತ್ತಿತು. ಚಿಕ್ಕಂದಿನಲ್ಲಿ ರಜೆಗೆ ಅತ್ತೆಯ ಮನೆಗೆ ಹೋದರೆ ನನ್ನ ಬಾಯಿ ಮುಚ್ಚಿಸುವುದೇ ಕಷ್ಟವಾಗಿತ್ತಂತೆ. ಆ ಬಾಯಿ ಈಗ ಉಂಟೋ ಇಲ್ಲವೋ ಎಂದು ನನಗೇ ಗೊತ್ತಿರಲಿಲ್ಲ.

ತಾಲಿನ್, ಬಸ್ಸು ನಿಲ್ದಾಣ

ಎಸ್ತೋನಿಯಕ್ಕೆ ನಮ್ಮನ್ನು ಕರೆದವಳು ಮಾರಿಕಾ. ಕೆಲವು ವರ್ಷಗಳ ಹಿಂದೆ ಮೂಡುಬಿದಿರೆಯ ಬಸದಿಯ ಕಲ್ಲುಕಂಬಗಳ ಚಿತ್ರ ಬರೆಯಲು ಬಂದು ನಮ್ಮ ಮನೆಯ ಮೇಲಿನ ಕೋಣೆಯಲ್ಲಿ ಇಪ್ಪತ್ತು ದಿನ ಇದ್ದವಳು. ಒಂದು ಕಂಬದಂತೆ ಇನ್ನೊಂದಿಲ್ಲ ಎಂದು ತಿಳಿದ ಮೇಲೆ ಇನ್ನೂ ಹತ್ತು ದಿನ ಉಳಿದಳು. ಅವಳ ಮನೆ ಹೀಯುಮಾ ಎಂಬ ದ್ವೀಪದಲ್ಲಿ. ಅಲ್ಲಿಗೆ ಹೋಗುವ ದಾರಿಯಲ್ಲಿ ಮೊದಲು ಸಿಗುವುದು ರಾಜಧಾನಿ ತಾಲಿನ್.

ತಾಲಿನ್ನಿನಲ್ಲಿ ನನ್ನ ಮೊದಲ ತಪ್ಪು ಬಸ್ಸು ನಿಲ್ಲುವಲ್ಲಿ ಆಯಿತು. ಒಬ್ಬ ಗಂಡಸು ನಿಂತಿದ್ದ. ನಾನು ಹೋಗಿ ಅವನ ಹಿಂದೆ ನಿಂತೆ. ಅವನು ಒಂದು ಹೆಜ್ಜೆ ಮುಂದೆ ಸರಿದ. ನಮ್ಮ ಕಡೆಯ ಬಿ.ಸಿ. ರೋಡು ಪೇಟೆಯಲ್ಲಿ ಬಸ್ಸು ಹತ್ತಿ ಬೆಳೆದವನಿಗೆ ನಡುವೆ ಒಂದು ಹೆಜ್ಜೆಯ ಜಾಗ ಕಂಡರೆ ತಡೆಯುವುದಿಲ್ಲ. ಆ ಜಾಗಕ್ಕೆ ಯಾರಾದರೂ ನುಗ್ಗೇ ನುಗ್ಗುತ್ತಾರೆ. ನಾನು ಮುಂದೆ ಹೋದೆ. ಅವನು ಇನ್ನೊಂದು ಹೆಜ್ಜೆ ಸರಿದ. ನಾನೂ ಸರಿದೆ. ಬಸ್ಸು ಬರುವ ಹೊತ್ತಿಗೆ ನಾವಿಬ್ಬರೂ ತಂಗುದಾಣದ ಮಾಡು ದಾಟಿ, ಒಂದು ಬೇಕರಿಯ ಎದುರಿಗಿದ್ದೆವು. ಬಸ್ಸು ಹಿಂದೆಯೇ ನಿಂತಿತು.

"ಅವರನ್ನು ಯಾಕೆ ಅಟ್ಟಿಕೊಂಡು ಹೋದದ್ದು ಮಾರಾಯ್ರೆ?" ಶೈಲಾ ಕೇಳಿದಳು.

"ನಾನು ಕ್ಯೂ ಹಿಡಿದದ್ದು."

"ಕ್ಯೂ ಅಲ್ಲ, ಅವರು ಓಡಿ ಹೋಗ್ತಿದ್ದದ್ದು."

ಆ ಊರಿನಲ್ಲಿ ಒಬ್ಬರಿಂದ ಒಬ್ಬರು ಒಂದು ತೋಳಿನಷ್ಟು ದೂರ ನಿಲ್ಲುತ್ತಾರೆ. ಯಾರೂ ಯಾರನ್ನೂ "ಎಲ್ಲಿಗೆ?" ಎಂದು ಕೇಳುವುದಿಲ್ಲ. ನಮ್ಮಲ್ಲಿ ಬಿ.ಸಿ. ರೋಡಿನಿಂದ ಹೊರಟರೆ ಪುಂಜಾಲಕಟ್ಟೆ ಬರುವುದರೊಳಗೆ ಪಕ್ಕದವರ ಮನೆ ಯಾವುದು, ಯಾರ ಪೈಕಿ, ಮಗಳನ್ನು ಎಲ್ಲಿಗೆ ಕೊಟ್ಟದ್ದು ಎಂದೆಲ್ಲ ಗೊತ್ತಾಗಿ, ಗುರುವಾಯನಕೆರೆಯಲ್ಲಿ ಇಳಿಯುವಾಗ ಹೇಗೋ ಒಂದು ಸಂಬಂಧ ಸಿಕ್ಕಿರುತ್ತಿತ್ತು. ಹೀಗೆ ಬರೆದು ನಿಲ್ಲಿಸಿದರೆ ಚಂದ. ಆದರೆ ನಾನು ಕಳೆದ ಹತ್ತು ವರ್ಷಗಳಿಂದ ಆ ಬಸ್ಸಿನಲ್ಲಿ ಯಾರ ಮನೆಯನ್ನೂ ಕೇಳಿಲ್ಲ. ನನ್ನನ್ನೂ ಯಾರೂ ಕೇಳಿಲ್ಲ. ಎಲ್ಲರ ತಲೆಯೂ ಕೆಳಗೆ, ಹೆಬ್ಬೆರಳು ಮೇಲೆ. ತಾಲಿನ್ನಿನವರೂ ಫೋನು ಮುಟ್ಟದ ಸಾಧುಗಳೇನಲ್ಲ, ನಮ್ಮಷ್ಟೇ ನೋಡುತ್ತಾರೆ. ವ್ಯತ್ಯಾಸ ಇಷ್ಟೇ: ಅವರು ಫೋನು ಬರುವ ಮೊದಲೂ ಸುಮ್ಮನಿದ್ದವರು. ನಾವು ಫೋನು ಬಂದ ಮೇಲೆ ಸುಮ್ಮನಾದವರು.

ಸಂಜೆ ಒಂದು ಕಲ್ಲುಬೆಂಚಿನ ಮೇಲೆ ಅತ್ತೆಯ ಮೂರು ನಿಮಿಷಕ್ಕೆ ಕೂತೆ. ಫೋನನ್ನು ಶೈಲಾಳ ಚೀಲದಲ್ಲಿ ಹಾಕಿದ್ದೆ. ಸ್ವಲ್ಪ ಹೊತ್ತಿನಲ್ಲಿ ನನ್ನ ಬಲಗೈ ತಾನಾಗಿಯೇ ಅಂಗಿಯ ಜೇಬಿಗೆ ಹೋಯಿತು. ಅಲ್ಲಿ ಇಲ್ಲದ್ದನ್ನು ಕಂಡು ಪ್ಯಾಂಟಿನ ಜೇಬಿಗೆ ಹೋಯಿತು. ಅಲ್ಲಿಂದ ಪುನಃ ಅಂಗಿಗೆ. ಹಲ್ಲು ಬಿದ್ದ ಜಾಗವನ್ನು ನಾಲಗೆ ಹುಡುಕುವ ಹಾಗೆ. ಎರಡನೆಯ ನಿಮಿಷವೋ ಏನೋ, ನನಗೆ ಒಂದು ಉಪಾಯ ಹೊಳೆಯಿತು. ಶೈಲಾಳಿಂದ ಫೋನು ಇಸಕೊಂಡು, ಅದನ್ನು ಬೆಂಚಿನ ಮೇಲಿಟ್ಟು, ಅಲ್ಲಿಯ ನಿಶ್ಶಬ್ದವನ್ನು ಮೂರು ನಿಮಿಷ ರೆಕಾರ್ಡ್ ಮಾಡಿಕೊಂಡೆ. ಇದನ್ನೇ ಅತ್ತೆಗೆ ಕೇಳಿಸಿದರಾಯಿತು. ಅವರಿಗೆ ಕಣ್ಣು ತಾನೇ ಹೋದದ್ದು, ಕಿವಿಯಲ್ಲವಲ್ಲ.

ರೆಕಾರ್ಡ್ ಆಗುತ್ತಿದ್ದಾಗ ನಾನು ಏನು ನೋಡುತ್ತಿದ್ದೆ? ಪರದೆಯ ಮೇಲೆ ಓಡುವ ಸೆಕೆಂಡುಗಳನ್ನು.

ಹಾಪ್ಸಲು, ರೈಲು ಬಾರದ ಸ್ಟೇಷನ್

ಹಾಪ್ಸಲು ಸಣ್ಣ ಊರು. ಅಲ್ಲಿ ಒಂದು ಹಳೆಯ ರೈಲ್ವೆ ಸ್ಟೇಷನ್ ಉಂಟು. ಉದ್ದಕ್ಕೆ ಮರದ ಮಾಡು, ಮರದ ಕಂಬಗಳು, ಎಲ್ಲದರ ಮೇಲೂ ಕೆತ್ತನೆ. ಪ್ಲಾಟ್‌ಫಾರಂ ನಡೆದಷ್ಟೂ ಮುಗಿಯುವುದಿಲ್ಲ. ರೈಲು ಮಾತ್ರ ನಿಂತುಹೋಗಿ ಬಹಳ ವರ್ಷಗಳಾದವು.

ಕಂಬಗಳು ಹಸಿರು ಬಣ್ಣದವು ಎಂದು ಬರೆದಿದ್ದೆ. ಶೈಲಾ ಇದನ್ನು ಓದಿ, ತನ್ನ ಫೋನಿನ ಫೋಟೋ ತೆಗೆದು ತೋರಿಸಿದಳು. ಹಸಿರಲ್ಲ. ಈ ವಿಷಯದಲ್ಲಿ ಫೋನಿಗೆ ನನಗಿಂತ ಹೆಚ್ಚು ಅಂಕ ಕೊಡಬೇಕು. ಆದರೂ ನನ್ನ ತಲೆಯಲ್ಲಿ ಅವು ಇನ್ನೂ ಹಸಿರಾಗಿಯೇ ನಿಂತಿವೆ, ತಿದ್ದಿಸಿಕೊಳ್ಳಲು ಒಪ್ಪುವುದಿಲ್ಲ. ಅಚ್ಚುಕೂಟ ಇಟ್ಟುಕೊಂಡು ಮದುವೆ ಕಾಗದದ ಕರಡು ತಿದ್ದಿಯೇ ಬದುಕಿದವನು ನಾನು. ಬೇರೆಯವರ ತಪ್ಪು ಕಾಣುತ್ತದೆ.

ಬೆಂಚಿನಲ್ಲಿ ಕೂತು ಶೈಲಾ ಚಕ್ಕುಲಿ ಡಬ್ಬಿ ತೆಗೆದಳು. ನಾನು ಅತ್ತೆಯ ಮೂರು ನಿಮಿಷ ಶುರುಮಾಡಿದೆ. ಪಕ್ಕದ ಬೆಂಚಿನಲ್ಲಿ ಒಬ್ಬಳು ತರುಣಿ, ಮಗುವಿನ ಗಾಡಿಯನ್ನು ಕಾಲಿನಿಂದ ತೂಗುತ್ತಾ ಕೈಯಲ್ಲಿ ಫೋನು ಉಜ್ಜುತ್ತಾ ಕೂತಿದ್ದಳು. ಇಷ್ಟು ನನಗೆ ನೆನಪಿದೆ. ಆಮೇಲೆ ಶೈಲಾ ನನ್ನ ಭುಜ ಅಲುಗಿಸುತ್ತಿದ್ದಳು.

"ಏಳಿ. ನಿಮ್ಮ ಮೂರು ನಿಮಿಷ ಆಗಿ ನಲವತ್ತಾಯ್ತು."

"ಎಂತ ಆಯ್ತು?"

"ಎಂತ ಆಗುದು, ಗೊರಕೆ."

ನಾನು ಮಲಗಿದ್ದಾಗ ಶೈಲಾ ಆ ತರುಣಿಯನ್ನು ಮಾತಾಡಿಸಿದ್ದಳಂತೆ. ಶೈಲಾ ಗಣಿತದ ಟೀಚರು, ಅವಳಿಗೆ ಉತ್ತರ ಹೇಳದೆ ತಪ್ಪಿಸಿಕೊಳ್ಳಲು ಯಾರಿಗೂ ಆಗುವುದಿಲ್ಲ. ರೈಲು ಬರುವುದಿಲ್ಲವಲ್ಲ, ಇಲ್ಲಿ ಯಾಕೆ ಕಾಯುತ್ತೀ ಎಂದು ಕೇಳಿದ್ದಕ್ಕೆ ಆ ತರುಣಿ ಹೇಳಿದಳಂತೆ: "ಬರುವುದಿಲ್ಲ. ಅದಕ್ಕೇ ಇಲ್ಲಿ ಮಗು ಮಲಗುತ್ತದೆ."

ನನ್ನ ಮೂರು ನಿಮಿಷ ಶೈಲಾಳಿಗೆ ಸಿಕ್ಕಿತ್ತು.

ಹೀಯುಮಾ, ಮಾರಿಕಳ ಮನೆ

ಹಾಪ್ಸಲುವಿನ ಹತ್ತಿರದ ಬಂದರಿನಿಂದ ದ್ವೀಪಕ್ಕೆ ಫೆರಿ. ಮಾರಿಕಾ ಕಾರಿನಲ್ಲಿ ಬಂದು ಕರೆದುಕೊಂಡು ಹೋದಳು. ಮನೆಯಲ್ಲಿ ಅವಳೂ ಅವಳ ಅಪ್ಪನೂ. ಅಪ್ಪನ ಹೆಸರು ಯೂಹಾನ್, ದೋಣಿಯ ಇಂಜಿನು ರಿಪೇರಿ ಮಾಡುತ್ತಿದ್ದವರು. ಅವರಿಗೆ ಇಂಗ್ಲಿಷ್ ಬಾರದು, ನಮಗೆ ಅವರ ಭಾಷೆ ಬಾರದು. ಶೈಲಾ ಮೊದಲ ದಿನವೇ ಅವರನ್ನು ಅಜ್ಜ ಎಂದು ಕರೆಯತೊಡಗಿದಳು. ಅವರು ಅದಕ್ಕೆ ತಿರುಗಿ ನೋಡುತ್ತಿದ್ದರು.

ಬೆಳಗಿನ ತಿಂಡಿಗೆ ಕಪ್ಪು ರೊಟ್ಟಿ, ಬೆಣ್ಣೆ, ಹೊಗೆ ಹಾಕಿದ ಮೀನು. ಮೀನು ಕಂಡು ಶೈಲಾಳಿಗೆ ಊರು ನೆನಪಾಯಿತು. ಬಾಯಿಗಿಟ್ಟು, ಖಾರವಿಲ್ಲದ್ದನ್ನು ಕಂಡು ಮರೆತೂ ಹೋಯಿತು. ನಾಲ್ವರೂ ಕೂತೆವು. ಯಾರೂ ಮಾತಾಡಲಿಲ್ಲ. ಚಾಕು ರೊಟ್ಟಿಗೆ ಬೆಣ್ಣೆ ಹಚ್ಚುವ ಶಬ್ದ. ಕೆಟಲಿನ ಶಬ್ದ. ನನ್ನ ಮೊಣಕಾಲು ಅಲುಗತೊಡಗಿತು. ನಮ್ಮಲ್ಲಿ ನೆಂಟರು ಉಣ್ಣುವಾಗ ಮನೆಯವರು ಸುಮ್ಮನಿದ್ದರೆ ಏನೋ ಆಗಿದೆ ಎಂದೇ ಅರ್ಥ. ಬೇಕಾ, ಸಾಕಾ, ಸ್ವಲ್ಪ ಹಾಕುವ, ಎಂತ ನಾಚಿಕೆ ನಿಮಗೆ, ಎಂದು ಹೇಳುತ್ತಲೇ ಇರಬೇಕು.

"ಇವರಿಗೆ ನಮ್ಮ ಮೇಲೆ ಕೋಪ ಉಂಟಾ?" ಶೈಲಾ ತುಳುವಿನಲ್ಲಿ ಕೇಳಿದಳು.

"ನಿನ್ನೆ ನೀನು ಬಚ್ಚಲಲ್ಲಿ ನೀರು ಚೆಲ್ಲಿದ್ದಕ್ಕಿರಬೇಕು."

"ನಾನು ಚೆಲ್ಲಿದ್ದಾ?"

ಅಜ್ಜ ಎದ್ದು ಹೊರಗೆ ಹೋದ ಮೇಲೆ ನಾನು ಮಾರಿಕಳನ್ನು ಮೆಲ್ಲಗೆ ಕೇಳಿದೆ. ಅವಳಿಗೆ ಆಶ್ಚರ್ಯವಾಯಿತು. "ಕೋಪವೇ? ಅಪ್ಪ ತುಂಬ ಖುಷಿಯಲ್ಲಿದ್ದಾರೆ. ನೀವು ಬಂದ ಮೇಲೆ ಅವರು ಎರಡು ಸಲ ಮಾತಾಡಿದರು."

ಆ ಮನೆಯ ಶೌಚಾಲಯದಲ್ಲಿ ಕೂತು ನಾನು ಕಳ್ಳನಂತೆ ಫೋನು ತೆರೆಯುತ್ತಿದ್ದೆ. ನಮ್ಮ ಬೀದಿಯ ವಾಟ್ಸಾಪ್ ಗುಂಪಿನಲ್ಲಿ ಯಾರದೋ ಬೆಕ್ಕು ಕಳೆದುಹೋಗಿತ್ತು. ನಾಳೆ ಬೆಳಿಗ್ಗೆಯಿಂದ ಸಂಜೆಯವರೆಗೆ ಕರೆಂಟು ಇಲ್ಲ ಎಂಬ ಸೂಚನೆ ಇತ್ತು. ನನಗೆ ಏನೇನೂ ಸಂಬಂಧವಿಲ್ಲದ ಆ ಕರೆಂಟಿನ ಸೂಚನೆಯನ್ನು ಮೂರು ಸಲ ಓದಿದೆ. ಎಷ್ಟು ಹಿತವಾಗಿತ್ತು ಎಂದರೆ, ಹೇಳಲು ನಾಚಿಕೆಯಾಗುತ್ತದೆ.

ಹೀಯುಮಾ, ಕಲ್ಲಿನ ದಂಡೆ

ಮೂರನೆಯ ದಿನ ಮಧ್ಯಾಹ್ನ ಮಾರಿಕಾ ಶೈಲಾಳನ್ನು ಕರೆದುಕೊಂಡು ಪೇಟೆಗೆ ಹೊರಟಳು. ನಾನು ಕಡಲಿನವರೆಗೆ ನಡೆದು ಹೋಗುತ್ತೇನೆ ಎಂದೆ. ತಾಲಿನ್ ಹೋಯಿತು, ಹಾಪ್ಸಲು ಹೋಯಿತು. ಅತ್ತೆಗೆ ಕೊಡಲು ನನ್ನಲ್ಲಿ ಇನ್ನೂ ಏನೂ ಇರಲಿಲ್ಲ. ಮಾರಿಕಾ ಒಂದು ಚೀಟಿಯಲ್ಲಿ ಅಪ್ಪನ ಮೊಬೈಲ್ ನಂಬರು ಬರೆದುಕೊಟ್ಟಳು. "ಅಲ್ಲಿ ಕಲ್ಲು ಜಾರುತ್ತದೆ. ತಲುಪಿದ ಮೇಲೆ ಅಪ್ಪನಿಗೆ 'ಓಕೆ' ಎಂದು ಒಂದು ಮೆಸೇಜ್ ಹಾಕಿ."

ಮೆಸೇಜಿಗಿಂತ ಒಳ್ಳೆಯ ಪದ್ಧತಿ ನಮ್ಮಲ್ಲಿ ಉಂಟಲ್ಲ ಎಂದು ನನಗೆ ಅನಿಸಿತು. ಮಿಸ್ಡ್ ಕಾಲ್.

ಓದುವವರಲ್ಲಿ ಚಿಕ್ಕವರಿದ್ದರೆ ಅವರಿಗೆ ಸ್ವಲ್ಪ ವಿವರಿಸಬೇಕು. ಶೈಲಾಳ ತವರು ಸಿದ್ಧಕಟ್ಟೆ. ಮದುವೆಯಾದ ಹೊಸತರಲ್ಲಿ ಅಲ್ಲಿಗೆ ಹೋಗುವಾಗ ಬಸ್ಸು ಹತ್ತಿದ ಕೂಡಲೇ ಭಾವನಿಗೆ ಒಂದು ರಿಂಗ್ ಕೊಟ್ಟು ಕಟ್ ಮಾಡಬೇಕು; ಅಂದರೆ ಹೊರಟಿದ್ದೇವೆ. ಹಿಂದಿನ ಸ್ಟಾಪಿನಲ್ಲಿ ಮತ್ತೊಂದು. ಅಂದರೆ ಸ್ಕೂಟರ್ ತೆಗೆಯಿರಿ. ಭಾವ ವಾಪಸು ಒಂದು ರಿಂಗ್ ಕೊಡುತ್ತಿದ್ದ; ಅದು ರಸೀದಿ. ಯಾರೂ ಎತ್ತಬಾರದು. ಎತ್ತಿದರೆ ಕೆಲಸ ಕೆಟ್ಟಿತು. ಈಗ ಕರೆಗಳಿಗೆ ಲೆಕ್ಕವೇ ಇಲ್ಲದ ಕಾಲ, ಆದರೂ ನನ್ನ ಕೈಯಿಂದ ಆ ಅಭ್ಯಾಸ ಹೋಗಿಲ್ಲ.

ದಂಡೆಗೆ ತಲುಪಿ ಅಜ್ಜನಿಗೆ ಒಂದು ರಿಂಗ್ ಕೊಟ್ಟು ಕಟ್ ಮಾಡಿದೆ. ಕೂಡಲೇ ಅವರ ಕರೆ ಬಂತು. ರಸೀದಿ ಎಂದುಕೊಂಡೆ. ಆದರೆ ಅದು ಒಂದು ರಿಂಗಿಗೆ ನಿಲ್ಲದೆ ಹೊಡೆದುಕೊಳ್ಳುತ್ತಲೇ ಇತ್ತು. ಪಾಪ, ಅಜ್ಜನಿಗೆ ಕಟ್ ಮಾಡಲು ಗೊತ್ತಾಗಲಿಲ್ಲ ಎಂದು ನಾನೇ ಕಟ್ ಮಾಡಿದೆ. ಪುನಃ ಬಂತು. ಪುನಃ ಕಟ್ ಮಾಡಿದೆ. ಆಮೇಲೆ ಫೋನಿನ ಶಬ್ದ ನಿಲ್ಲಿಸಿ, ಚೀಲದ ತಳಕ್ಕೆ ಹಾಕಿ, ಒಂದು ಬಂಡೆಯ ಮೇಲೆ ಅತ್ತೆಯ ಮೂರು ನಿಮಿಷಕ್ಕೆ ಕೂತೆ.

ಅದು ನಮ್ಮ ಕಡಲಿನ ಹಾಗಿಲ್ಲ. ತೆರೆಯಿಲ್ಲ, ಉಪ್ಪಿನ ವಾಸನೆಯಿಲ್ಲ. ದೊಡ್ಡ ಕೆರೆಯ ಹಾಗೆ ಮಲಗಿತ್ತು. ಕೈ ಜೇಬಿಗೆ ಹೋಯಿತು, ಬಂತು. ಸಾಲ ಕೊಟ್ಟವರ ಮನೆಯ ಜಗಲಿಯಲ್ಲಿ ಕೂತವನಂತೆ ಚಡಪಡಿಸಿದೆ. ಎಷ್ಟು ಹೊತ್ತಾಯಿತೋ, ಹಿಂದಿನಿಂದ ಕಲ್ಲುಗಳ ಮೇಲೆ ಯಾರೋ ಧಡಧಡ ಬರುವ ಶಬ್ದ ಕೇಳಿ ತಿರುಗಿದೆ.

ಯೂಹಾನ್ ಅಜ್ಜ. ಮೊಣಕಾಲುವರೆಗಿನ ರಬ್ಬರು ಬೂಟು, ಹೆಗಲಿಗೆ ಹಗ್ಗದ ಸುರುಳಿ. ಮುಖ ಕೆಂಪಾಗಿತ್ತು. ಒಂದು ರಿಂಗ್ ಕೊಟ್ಟು ಕಡಿದುಹೋದ ಕರೆ, ಆಮೇಲೆ ಎರಡು ಸಲ ಮಾಡಿದರೂ ಕಡಿದದ್ದು. ಈ ಪರದೇಶದವನು ನೀರಿಗೆ ಬಿದ್ದಿದ್ದಾನೆ ಎಂದುಕೊಂಡು ಆ ಇಳಿ ಪ್ರಾಯದಲ್ಲಿ ಮನೆಯಿಂದ ಅಲ್ಲಿಯವರೆಗೆ ಓಡಿಕೊಂಡು ಬಂದಿದ್ದರು. ಇದೆಲ್ಲ ನನಗೆ ಗೊತ್ತಾದದ್ದು ಸಂಜೆ. ಆಗ ನನಗೆ ಕಂಡದ್ದು ಬೂಟು, ಹಗ್ಗ ಮತ್ತು ಆ ಮುಖ ಮಾತ್ರ. ಆದರೂ ನಾನೇನೋ ತಪ್ಪು ಮಾಡಿದ್ದೇನೆ ಎಂದು ತಿಳಿಯಿತು.

ಹೇಗೆ ವಿವರಿಸಲಿ? ಅವರ ಭಾಷೆಯ ಒಂದು ಶಬ್ದವೂ ನನಗೆ ಬಾರದು. ಮೊಬೈಲ್ ತೆಗೆದು ಅನುವಾದ ಮಾಡಿಸಬಹುದಿತ್ತು. ಹೊಳೆಯಲಿಲ್ಲವೋ, ಮೂರು ನಿಮಿಷ ಮುಗಿದಿಲ್ಲ ಎಂದು ಬಿಟ್ಟೆನೋ, ಈಗ ಹೇಳಲಾರೆ. ಎರಡನೆಯದು ಎಂದು ಬರೆಯಲು ಆಸೆ.

ಅವರು ನನ್ನನ್ನು ತಲೆಯಿಂದ ಕಾಲಿನವರೆಗೆ ನೋಡಿದರು. ಒದ್ದೆಯಾಗಿರಲಿಲ್ಲ. ಹಗ್ಗವನ್ನು ಕೆಳಗೆ ಹಾಕಿ, ಒಂದು ತೋಳಿನ ದೂರ ಬಿಟ್ಟು, ನನ್ನ ಪಕ್ಕದ ಬಂಡೆಯ ಮೇಲೆ ಕೂತರು. ಬೈಯಲಿಲ್ಲ. ನಗಲೂ ಇಲ್ಲ. ಇಬ್ಬರೂ ನೀರಿನ ಕಡೆಗೆ ಮುಖ ಮಾಡಿ ಕೂತೆವು.

ಸಂಜೆ ಊಟಕ್ಕೆ ಕೂತಾಗ ಮಾರಿಕಳ ಮೂಲಕ ಮಿಸ್ಡ್ ಕಾಲಿನ ವಿಷಯವನ್ನೆಲ್ಲ ಅಜ್ಜನಿಗೆ ಹೇಳಿದೆ. ಸಿದ್ಧಕಟ್ಟೆ, ಭಾವ, ಸ್ಕೂಟರ್, ರಸೀದಿ. ಶೈಲಾ ಹಣೆ ಚಚ್ಚಿಕೊಂಡಳು.

"ಊರಿನ ಮಂಗಾಟ ಇಲ್ಲಿಯೂ ಮಾಡಿದಿರಾ? ಅಜ್ಜನಿಗೆ ಎಂತಾದರೂ ಆಗಿದ್ದರೆ?"

ಅಜ್ಜ ಎಲ್ಲವನ್ನೂ ಕೇಳಿಸಿಕೊಂಡು, ರೊಟ್ಟಿ ತಿಂದು ಮುಗಿಸಿ, ಆಮೇಲೆ ಒಂದು ಮಾತು ಹೇಳಿದರು. ಮಾರಿಕಾ ಅದನ್ನು ನಮಗೆ ಹೇಳಿದಳು: "ಹಾಗಾದರೆ ನಿಮ್ಮ ಊರಿನಲ್ಲಿ ಫೋನು ಎತ್ತದಿದ್ದರೆ ಎಲ್ಲರೂ ಸೌಖ್ಯ ಎಂದು ಅರ್ಥ. ಒಳ್ಳೆಯ ಪದ್ಧತಿ."

ಮರುದಿನ ಬೆಳಿಗ್ಗೆ ನನ್ನ ಫೋನು ಒಂದು ರಿಂಗ್ ಹೊಡೆದು ನಿಂತಿತು. ಅಜ್ಜ ದೋಣಿ ಇಡುವ ಕೊಟ್ಟಿಗೆಯಲ್ಲಿದ್ದರು. ನಾವು ಒಬ್ಬರ ಮುಖ ಒಬ್ಬರು ನೋಡಿದೆವು. ಶೈಲಾ ಎದ್ದಳು.

"ಅಜ್ಜನಿಗೆ ಕಾಫಿ ಬೇಕಂತೆ."

ಅಲ್ಲಿದ್ದಷ್ಟು ದಿನವೂ ಹೀಗೆಯೇ ನಡೆಯಿತು.

ಬೆಳ್ತಂಗಡಿ, ಬಂದ ಮೇಲೆ

ಮೂಡುಬಿದಿರೆಗೆ ತಲುಪಿದ ಕೂಡಲೇ ಯೂಹಾನ್ ಅಜ್ಜನಿಗೆ ಒಂದು ಮಿಸ್ಡ್ ಕಾಲ್ ಕೊಟ್ಟೆ. ಸ್ವಲ್ಪ ಹೊತ್ತಿನಲ್ಲಿ ರಸೀದಿ ಬಂತು. ಒಂದೇ ರಿಂಗ್, ಎಷ್ಟು ಅಚ್ಚುಕಟ್ಟು ಎಂದರೆ ನನ್ನ ಭಾವನಿಗೂ ಅಷ್ಟು ಬರುತ್ತಿರಲಿಲ್ಲ.

ಆ ಭಾನುವಾರ ಒಬ್ಬನೇ ಬೆಳ್ತಂಗಡಿಗೆ ಹೋದೆ. ಅತ್ತೆ ಜಗಲಿಯ ಬೆಂಚಿನಲ್ಲಿದ್ದರು. ಪ್ರತಿಭಾ ಚಹಾ ಕೊಟ್ಟು, "ಫೋಟೋ ಗ್ರೂಪಿಗೆ ಹಾಕು ಭಾವ, ಆಮೇಲೆ ನೋಡ್ತೇನೆ" ಎಂದು ಒಳಗೆ ಹೋದಳು. ಒಳಗಿನಿಂದ ಯಾರದೋ ಫೋನಿನಲ್ಲಿ ಯಾರೋ ಬಿದ್ದು ಬಿದ್ದು ನಗುವುದು ಕೇಳುತ್ತಿತ್ತು.

"ತಂದಿದ್ದೀಯಾ?" ಅತ್ತೆ ಕೇಳಿದರು.

ಮೊದಲು ತಾಲಿನ್ನಿನ ರೆಕಾರ್ಡಿಂಗ್ ಕೇಳಿಸಿದೆ. ಅವರು ಫೋನನ್ನು ಕಿವಿಗೆ ಒತ್ತಿ ಹಿಡಿದು ಪೂರ್ತಿ ಕೇಳಿದರು. ಮುಗಿಯುವ ಕ್ಷಣಕ್ಕೆ ಸರಿಯಾಗಿ ಕಿವಿಯಿಂದ ತೆಗೆದರು.

"ಮೂರು ಸರಿ ಉಂಟು. ಆದರೆ ಇದು ಫೋನು ಕೇಳಿದ್ದು. ನೀನು ಎಂತ ಕೇಳಿದೆ?"

"ಎಂತದೂ ಇಲ್ಲ ಅತ್ತೆ. ನಾನು ಸೆಕೆಂಡ್ ನೋಡ್ತಾ ಇದ್ದೆ."

"ಹ್ಞಾಂ. ಇದು ನಿಜ. ಮುಂದೆ?"

ಹಾಪ್ಸಲುವಿನ ನಿದ್ದೆಯ ವಿಷಯ ಹೇಳಿದೆ. ಅದನ್ನೂ ಅವರು ಒಪ್ಪಿಕೊಂಡರು. ಮಗು ಮಲಗುವ ಮಾತು ಶೈಲಾಳದು ಎಂದು ಮೊದಲೇ ಹೇಳಿದ್ದರಿಂದ ಬಚಾವಾದೆ. ಆಮೇಲೆ ಹೀಯುಮಾ. ಮಿಸ್ಡ್ ಕಾಲು, ಬೂಟು, ಹಗ್ಗ. ಅತ್ತೆ ನಕ್ಕು ನಕ್ಕು ಸೀರೆಯ ಸೆರಗಿನಿಂದ ಕಣ್ಣು ಒರೆಸಿಕೊಂಡರು. ಒಳಗಿನ ಫೋನಿನ ನಗುವಿಗಿಂತ ಇದು ಜೋರಾಯಿತು; ಮೊಮ್ಮಗಳೊಬ್ಬಳು ಬಾಗಿಲಿನಿಂದ ಇಣುಕಿ ನೋಡಿ ಹೋದಳು.

"ಹಗ್ಗ ಎಂಥದ್ದು? ನಾರಿನ ಹುರಿಯದ್ದಾ?"

"ನೈಲಾನು. ನೀಲಿ."

"ನೀಲಿ ಖಂಡಿತವಾ?"

ಹಾಪ್ಸಲುವಿನ ಕಂಬ ನೆನಪಾಯಿತು. "ಖಂಡಿತ ಇಲ್ಲ."

"ಹಾಗೆ ಹೇಳು. ಆಮೇಲೆ ಅವರು ಬಂದು ಕೂತರು. ಅಲ್ಲಿಂದ ಹೇಳು. ಅದೇ ನನಗೆ ಬೇಕಾದದ್ದು."

"ಕೂತೆವು. ನೀರು ಅಲುಗುತ್ತಿರಲಿಲ್ಲ. ದೂರದಲ್ಲಿ ಒಂದು ಬಿಳಿ ಹಕ್ಕಿ ಬಂದು..."

"ಅದು ಸೇರಿಸಿದ್ದು."

ಹೌದು. ಹಕ್ಕಿ ಬಂದದ್ದು ಮರುದಿನ. ಅತ್ತೆಗೆ ಹೇಗೆ ಗೊತ್ತಾಯಿತೋ. ನಾನು ಹಕ್ಕಿಯನ್ನು ತೆಗೆದುಹಾಕಿದೆ. ಅದನ್ನು ತೆಗೆದ ಮೇಲೆ ನನ್ನ ಕೈಯಲ್ಲಿ ಏನೂ ಉಳಿಯಲಿಲ್ಲ. ಆ ದಂಡೆಯಲ್ಲಿ ಯಾರೂ ಫೋಟೋ ತೆಗೆದಿರಲಿಲ್ಲ, ನೋಡಿ ಸರಿಪಡಿಸಿಕೊಳ್ಳುವ ಹಾಗೂ ಇರಲಿಲ್ಲ. ಹಿಂದಿನ ಸಲದಂತೆಯೇ ಆಯಿತಲ್ಲ ಎಂದುಕೊಂಡೆ. ಕೈ ಜೇಬಿನ ಹತ್ತಿರ ಹೋಯಿತು.

"ಅವರು ಏದುಸಿರು ಬಿಡ್ತಾ ಇದ್ದರು," ಎಂದೆ.

ಅತ್ತೆ ಬೆಂಚಿನಲ್ಲಿ ನನ್ನ ಹತ್ತಿರಕ್ಕೆ ಸರಿದರು.

"ಓಡಿ ಬಂದದ್ದಲ್ಲವಾ. ಉಸಿರಿನ ಜೊತೆಗೆ ಸಣ್ಣಗೆ ಸಿಳ್ಳೆಯ ಹಾಗೆ ಒಂದು ಶಬ್ದ ಬರ್ತಿತ್ತು. ನನಗೆ ಹೆದರಿಕೆಯಾಯಿತು. ಇವರಿಗೆ ಎಂತಾದರೂ ಆದರೆ ಅಂತ. ಅದಕ್ಕೇ ನಾನು ಬೇರೆ ಎಲ್ಲಿಯೂ ನೋಡಲಿಲ್ಲ, ಅವರ ಉಸಿರನ್ನೇ ಕೇಳ್ತಾ ಕೂತೆ. ಮೊದಲು ಸಿಳ್ಳೆ ನಿಂತಿತು. ಆಮೇಲೆ ಹೆಗಲು ಏರಿ ಇಳಿಯುವುದು ನಿಂತಿತು. ಆಮೇಲೆ ಉಸಿರು ಕೇಳಲಿಕ್ಕೇ ಇಲ್ಲ. ಉಂಟಾ ಇಲ್ಲವಾ ಅಂತ ಬಗ್ಗಿ ನೋಡಿದೆ. ಅವರೂ ನನ್ನನ್ನೇ ನೋಡ್ತಿದ್ದರು. ನಾನು ಬದುಕಿದ್ದೇನಾ ಅಂತ."

ಇಷ್ಟೇ ಇತ್ತು. ಇನ್ನೇನಾದರೂ ಉಂಟೇ ಎಂದು ಹುಡುಕಿದೆ. ಕಲ್ಲು, ನೀರು, ಆ ಮನುಷ್ಯ, ನಾನು. ಹೇಳಬಹುದಾದದ್ದು ಹತ್ತಿರದಲ್ಲಿಯೇ ಎಲ್ಲಿಯೋ ಇತ್ತು, ಬಾಯಿಗೆ ಬರಲಿಲ್ಲ. ಸೇರಿಸುವುದು ಬೇಡ ಎಂದು ಸುಮ್ಮನಾದೆ.

ಅತ್ತೆ ಮುಖವನ್ನು ಮೆಲ್ಲಗೆ ರಸ್ತೆಯ ಕಡೆಗೆ ತಿರುಗಿಸಿದರು. ಅಂದರೆ ನನ್ನನ್ನು ನೋಡುತ್ತಿದ್ದರು. ಧರ್ಮಸ್ಥಳದ ಕಡೆಗೆ ಒಂದು ಬಸ್ಸು ಹೋಯಿತು. ಒಳಗಿನ ಫೋನಿನಲ್ಲಿ ನಗು ನಿಂತು ಹಾಡು ಶುರುವಾಯಿತು. ನನ್ನ ಚಹಾದ ಮೇಲೆ ಕೆನೆ ಕಟ್ಟಿತು. ಅದನ್ನು ತೆಗೆಯಲಿಲ್ಲ. ಕೈಗಳು ಎಲ್ಲಿದ್ದವು ಎಂದು ನೆನಪಿಲ್ಲ, ಜೇಬಿನಲ್ಲಂತೂ ಇರಲಿಲ್ಲ.

ನನ್ನ ಅಂದಾಜಿನಲ್ಲಿ ಮೂರು ನಿಮಿಷವಾಯಿತು. ಈಗ 'ಮುಂದುವರಿಸುವಿರಾ?' ಎನ್ನುತ್ತಾರೆ ಎಂದು ಕಾದೆ. ಅತ್ತೆಗೆ ನನಗಿಂತ ಮೊದಲೇ ಗೊತ್ತಾಗಿರುತ್ತದೆ.

ಅವರು ನಡುವೆ ಬಾಯಿ ಹಾಕಲಿಲ್ಲ.